ಅತ್ತೆ ಕಟ್ಟಿಸಿದ ಎಂಜಿನ್ನುಗಳು

ಮಾರ್ಚ್ 4, ಸೋಮವಾರ

ಜೆಲ್ಮೀರಾಳನ್ನು ಬೆಳಗಿನ ರೈಲಿಗೆ ಹತ್ತಿಸಿ ಬಂದೆ. ಆಸ್ಟ್ರಿಯಾದಲ್ಲಿ ಯಾರದೋ ಮನೆಯ ಮುದುಕಿಯನ್ನು ನೋಡಿಕೊಳ್ಳಲು ನನ್ನ ಹೆಂಡತಿ ಅಲ್ಲಿಗೆ ಹೋಗುತ್ತಾಳೆ. ಅವಳ ತಾಯಿಯನ್ನು ನೋಡಿಕೊಳ್ಳಲು ನಾನು ಇಲ್ಲಿ ನಮ್ಮ ಊರು ವ್ರೂಟ್ಕಿಯಲ್ಲಿ ಉಳಿಯುತ್ತೇನೆ. ಇದರಲ್ಲಿ ಎಲ್ಲೋ ಒಂದು ಕಡೆ ಲೆಕ್ಕ ತಪ್ಪಿದೆ ಎಂದು ನನಗೆ ಅನ್ನಿಸುತ್ತದೆ. ಎಲ್ಲಿ ಎಂದು ಹುಡುಕಲು ಹೋದರೆ ಜೆಲ್ಮೀರಾ ಜಗಳಕ್ಕೆ ಬರುತ್ತಾಳೆ.

ರಕ್ತದೊತ್ತಡ ಇಳಿಯಬೇಕಾದರೆ ಮನಸ್ಸಿನಲ್ಲಿರುವುದನ್ನು ಮನೆಯವರ ಹತ್ತಿರ ಹೇಳಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿರುವುದು ಅತ್ತೆ ಒಬ್ಬರೇ. ಆದ್ದರಿಂದ ಬರೆಯುತ್ತಿದ್ದೇನೆ.

ಅತ್ತೆ ಹೆರ್ಮೀನಾ ಜನವರಿಯಲ್ಲಿ ಮಂಜಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ನಮ್ಮ ಮನೆಗೆ ಬಂದರು. ದಿನಾ ವಾಕರ್ ಹಿಡಿದು ನಡೆಯಬೇಕು ಎಂದು ವ್ಯಾಯಾಮ ಹೇಳಿಕೊಡುವ ಹುಡುಗಿ ವಾರಕ್ಕೊಮ್ಮೆ ಬಂದು ಹೇಳಿ ಹೋಗುತ್ತಾಳೆ. ಇವತ್ತು ನಾನೂ ಹೇಳಿದೆ.

"ನಡ್ದು ಎಲ್ಲಿಗೆ ಹೋಗ್ಲಿ?" ಎಂದರು ಅತ್ತೆ. "ಆ ಕಡೆ ಹೋದ್ರೆ ಕಕ್ಕಸು, ಈ ಕಡೆ ಬಂದ್ರೆ ನೀನು."

ನಮ್ಮ ಮದುವೆಯ ದಿನ ಅವರು ನೆಂಟರ ಹತ್ತಿರ, "ಹುಡುಗ ರೈಲ್ವೇಲಿದಾನೆ, ಹೆಚ್ಚು ಹೊತ್ತು ಮನೇಲಿರಲ್ಲ, ಅದೊಂದು ಸಮಾಧಾನ" ಎಂದಿದ್ದು ನನ್ನ ಕಿವಿಗೂ ಬಿದ್ದಿತ್ತು. ನಾನು ನಿವೃತ್ತನಾಗುವವರೆಗೂ ಸ್ಟೇಷನ್ನಿನಲ್ಲಿ ಕೂತು ರೈಲು ಬಿಡುತ್ತಿದ್ದವನು, ಎಲ್ಲಿಗೂ ಹೋಗಲಿಲ್ಲ. ಆ ನಿರಾಸೆ ಅವರಿಗೆ ಇನ್ನೂ ಇಳಿದಿಲ್ಲ.

ಪಕ್ಕದ ಮಾರ್ಟಿನ್ ಎಂಬ ಊರಿನ ವೃದ್ಧಾಶ್ರಮದಲ್ಲಿ ಹೆಸರು ಬರೆಸಿದ್ದೇವೆ. ಅತ್ತೆಯೇ ಒಪ್ಪಿ ರುಜು ಹಾಕಿದ್ದಾರೆ. ಜಾಗ ಖಾಲಿಯಾದಾಗ ಫೋನ್ ಮಾಡುತ್ತಾರಂತೆ. ಫೋನನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ.

ಮಾರ್ಚ್ 9, ಶನಿವಾರ

ಅನಾಹುತ ಆಗಿಹೋಗಿದೆ. ಆದರೂ ಕ್ರಮವಾಗಿ ಬರೆಯುತ್ತೇನೆ.

ನಾನು ಮಾದರಿ ರೈಲು ಎಂಜಿನ್ ಕಟ್ಟುವವನು. ಅಂಗೈಯಷ್ಟು ಉದ್ದದ ಎಂಜಿನ್ನು, ಆದರೆ ಒಂದೊಂದು ಮೊಳೆಯೂ ನಿಜವಾದ ಎಂಜಿನ್ನಿನಲ್ಲಿ ಎಲ್ಲಿತ್ತೋ ಅಲ್ಲೇ ಇರಬೇಕು. ನನ್ನ ಕೋಣೆಯಲ್ಲಿ ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರುಗಳು. ಯಾವ ಶ್ರೇಣಿಯ ಎಂಜಿನ್ನಿನ ಬಿಡಿಭಾಗ ಯಾವುದರಲ್ಲಿ ಎಂದು ಚೀಟಿ ಅಂಟಿಸಿದ್ದೇನೆ. ಈಗ ಕಟ್ಟುತ್ತಿರುವುದು ಆಲ್ಬಟ್ರಾಸ್ ಎಂದು ಕರೆಯುತ್ತಿದ್ದ ದೊಡ್ಡ ಎಕ್ಸ್‌ಪ್ರೆಸ್ ಎಂಜಿನ್ನನ್ನು, ಏಪ್ರಿಲ್‌ನಲ್ಲಿ ನಮ್ಮ ಕ್ಲಬ್ಬಿನ ಪ್ರದರ್ಶನಕ್ಕೆ. ಅದೊಂದು ಗಾಜಿನ ಪೆಟ್ಟಿಗೆಯಲ್ಲಿ ಬೇರೆ ಇದೆ, ದೇವರು ದೊಡ್ಡವನು.

ನಾನು ಬ್ರೆಡ್ಡು, ಹುಳಿ ಬರಿಸಿದ ಎಲೆಕೋಸು ತರಲು ಹೋಗಿದ್ದೆ. ಅತ್ತೆಯ ನೈಟಿಯ ಗುಂಡಿ ಕಿತ್ತುಹೋಗಿತ್ತು. ಬಂದು ನೋಡಿದರೆ ನನ್ನ ಕೋಣೆಯಲ್ಲಿ ಕೂತಿದ್ದಾರೆ. ಅಷ್ಟೂ ಡ್ರಾಯರು ಖಾಲಿ. ಕಡುಬು ಬೇಯಿಸುವ ದೊಡ್ಡ ಪಾತ್ರೆ ಅವರ ತೊಡೆಯ ಮೇಲೆ, ಅದರೊಳಗೆ ನನ್ನ ಜೀವಮಾನ.

"ಏನ್ ಮಾಡಿದ್ರಿ ಅತ್ತೆ?"

"ಗುಂಡಿ ಹುಡುಕ್ದೆ."

"ಸಿಕ್ತಾ?"

"ಎಲ್ಲಿ ಸಿಗತ್ತೆ. ಇಷ್ಟೊಂದು ಸಾಮಾನು ಗುಡ್ಡೆ ಹಾಕ್ಕೊಂಡಿದೀಯ, ಒಂದ್ ಗುಂಡಿ ಇಟ್ಟಿಲ್ಲ."

ಪಾತ್ರೆಗೆ ಸೌಟು ಕೂಡ ಹಾಕಿದ್ದರು. ಕಲಸಲು.

ಮಾರ್ಚ್ 10, ಭಾನುವಾರ

ಅತ್ತೆಗೆ ಸಾರು ಮಾಡಿ ಕೊಟ್ಟೆ. ಉಪ್ಪು ಹಾಕಲಿಲ್ಲ, ಬೇಕೆಂದೇ.

ಮಾರ್ಚ್ 11, ಸೋಮವಾರ

ಅತ್ತೆ ನಿನ್ನೆಯ ಸಾರನ್ನು ಹೊಗಳಿದರು. ಮದುವೆಯಾದಂದಿನಿಂದ ನನ್ನ ಯಾವ ಕೆಲಸವನ್ನೂ ಅವರು ಹೊಗಳಿರಲಿಲ್ಲ. ಇವತ್ತು ನಾಲ್ಕು ಚಮಚ ಉಪ್ಪು ಹಾಕಿದೆ. ಅದನ್ನೂ ಹೊಗಳಿದರು. ನನಗೆ ಇವರನ್ನು ಎದುರಿಸುವ ಶಕ್ತಿಯಿಲ್ಲ.

ಮಾರ್ಚ್ 15, ಶುಕ್ರವಾರ

ಅಡುಗೆಮನೆಯ ಮೇಜಿನ ಮೇಲೆ ಪಾತ್ರೆ ಇಟ್ಟುಕೊಂಡು ಭಾಗಗಳನ್ನು ಬೇರೆ ಮಾಡಲು ಕೂತಿದ್ದೇನೆ. ಅತ್ತೆ ಎದುರಿಗೆ ಕೂರುತ್ತಾರೆ. ಅಡುಗೆಮನೆ ಬೆಚ್ಚಗಿದೆಯಂತೆ. ಬಾಯಂತೂ ಸುಮ್ಮನಿರುವುದಿಲ್ಲ.

"ಇದೇನು?"

"ಬಾಯ್ಲರ್ ಅತ್ತೆ. ಎಕ್ಸ್‌ಪ್ರೆಸ್ ಎಂಜಿನ್ನಿಂದು."

"ಇದು?"

"ಹೊಗೆ ಕೊಳವೆ. ಕಾಡಲ್ಲಿ ಮರ ಸಾಗಿಸೋ ಚಿಕ್ಕ ಎಂಜಿನ್ನಿಂದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ನಿನಗೂ ನಂಗೂ ಏನ್ ಸಂಬಂಧ ಇತ್ತು? ಒಂದೇ ಮನೇಲಿ ಕೂತಿಲ್ವಾ? ಇದರ ಮೇಲೆ ಅದನ್ನ ಇಡು."

ಬೆಳಗಿನಿಂದ ಕಣ್ಣು ಉರಿಯುತ್ತಿತ್ತು, ವಾದಿಸಲು ತ್ರಾಣವಿರಲಿಲ್ಲ. ಅಂಟು ಹಚ್ಚಿ ಇಟ್ಟೆ. ಉದ್ದ ಕೊಳವೆ ಮುಂದಕ್ಕೆ ವಾಲಿಕೊಂಡಿತು. ಅತ್ತೆ ಪಾತ್ರೆಯಲ್ಲಿ ಕೈಯಾಡಿಸಿ ಸ್ಟೇಷನ್ನಿನಲ್ಲಿ ಬೋಗಿ ತಳ್ಳುವ ಶಂಟಿಂಗ್ ಎಂಜಿನ್ನಿನ ಡೊಳ್ಳು ಕ್ಯಾಬಿನ್ ತೆಗೆದು ಹಿಂದಕ್ಕೆ ಹಿಡಿದರು. ಚಕ್ರಗಳು ಮೂರು ಅಳತೆಯವು. ಮೋಟಾರು ಕೂರಿಸಿ ಮೇಜಿನ ಹಳಿಯ ಮೇಲೆ ಬಿಟ್ಟರೆ ಸೊಂಟ ಕುಣಿಸುತ್ತ, ಮೂಗು ಮೇಲೆತ್ತಿಕೊಂಡು, ಯಾರನ್ನೋ ಬೈಯಲು ಹೊರಟಂತೆ ಹೋಯಿತು.

ಅತ್ತೆ ಅದನ್ನೇ ನೋಡಿದರು. ಭುಜ ಅಲುಗತೊಡಗಿತು. ಉಸಿರಾಟದ ತೊಂದರೆಯೇನೋ ಎಂದು ನಾನು ನೀರು ತರಲು ಎದ್ದೆ. ನಗುತ್ತಿದ್ದರು.

"ಫಿಲೋಮೇನಾ," ಎಂದರು ಕಣ್ಣೊರೆಸಿಕೊಂಡು. "ಅದೇ ಮೂಗು, ಅದೇ ನಡಿಗೆ."

ಫಿಲೋಮೇನಾ ಎಂದರೆ ಅತ್ತೆಯ ನಾದಿನಿ, ತೀರಿಕೊಂಡ ಮಾವನ ತಂಗಿ. ಇದೇ ಊರಲ್ಲಿ ಚರ್ಚಿನ ಹಿಂದೆ ಇದ್ದಾರೆ. ಗಸಗಸೆ ಅರೆಯುವ ಯಂತ್ರವೊಂದು ಯಾರಿಗೆ ಸೇರಬೇಕು ಎಂದು ಜಗಳವಾಗಿ ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ಕಾಲವಾಯಿತು.

ಈ ಅಪದ್ಧವನ್ನು ನಾಳೆ ಬಿಚ್ಚಬೇಕು.

ಮಾರ್ಚ್ 16, ಶನಿವಾರ

ಬಿಚ್ಚಲಿಲ್ಲ. ಅಂಟು ಪೂರ್ತಿ ಒಣಗದೆ ಬಿಚ್ಚಬಾರದು.

ಮಾರ್ಚ್ 17, ಭಾನುವಾರ

ಒಣಗಿದ ಮೇಲೆ ಬಿಚ್ಚಿದರೆ ಮುರಿಯುತ್ತದೆ.

ಮಾರ್ಚ್ 22, ಶುಕ್ರವಾರ

ಈ ವಾರ ಎರಡು ಎಂಜಿನ್ನುಗಳಾದವು. ಒಂದರ ಬಾಯ್ಲರು ಅತ್ತೆಯ ಕೂದಲು ಸುರುಳಿ ಮಾಡುವ ಕೊಳವೆ, ನೆತ್ತಿಯ ಮೇಲೆ ಹೊಲಿಗೆಯ ಬೆರಳುಟೊಪ್ಪಿ, ಹಿಂದೆ ಕಲ್ಲಿದ್ದಲಿನ ಗಾಡಿಯ ಬದಲು ಅವರ ಹಲ್ಲಿನ ಸೆಟ್ಟಿನ ಡಬ್ಬಿ. ಅದಕ್ಕೆ ‘ಡೆಂಟಿಸ್ಟ್’ ಎಂದು ಹೆಸರು. ಹಲ್ಲಿನ ಸೆಟ್ಟು ಈಗ ನನ್ನ ಕಾಫಿ ಲೋಟದಲ್ಲಿರುತ್ತದೆ.

ಇನ್ನೊಂದಕ್ಕೆ ಎರಡೂ ಕಡೆ ಮುಖ, ಎರಡೂ ಕಡೆ ಮೋಟಾರು. ಸ್ವಿಚ್ ಹಾಕಿದರೆ ಜೋರಾಗಿ ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ಎಲ್ಲಿಗೂ ಹೋಗುವುದಿಲ್ಲ. ತಂತಿ ಅದಲು ಬದಲಾಗಿದೆ, ಸರಿಮಾಡುತ್ತೇನೆ ಎಂದೆ. ಮುಟ್ಟಬೇಡ ಎಂದರು ಅತ್ತೆ. ಅದರ ಹೆಸರು ‘ಸಮ್ಮಿಶ್ರ ಸರ್ಕಾರ’.

ಮಾರ್ಚ್ 26, ಮಂಗಳವಾರ

ಮೇಜಿನ ಮೇಲೆ ಓಡಿಸಿ ನೋಡಲು ಜಾಗ ಸಾಲದೆ ನಡುಮನೆಯ ಉದ್ದಕ್ಕೂ, ಅತ್ತೆಯ ಕೋಣೆಯಿಂದ ಅಡುಗೆಮನೆವರೆಗೆ ಹಳಿ ಹಾಕಿದ್ದೇನೆ. ಇದರಿಂದ ಹೊಸ ಪೀಡೆ ಶುರುವಾಗಿದೆ. ಎಂಜಿನ್ನು ತಿರುವಿನಲ್ಲಿ ಬಿತ್ತೋ ಇಲ್ಲವೋ ಎಂದು ನಾನು ಕೂಗಿ ಹೇಳಿದರೆ ಅತ್ತೆ ನಂಬುವುದಿಲ್ಲ. ವಾಕರ್ ಹಿಡಿದುಕೊಂಡು ಹಿಂದೆಯೇ ಬಂದುಬಿಡುತ್ತಾರೆ. ಇವತ್ತು ‘ಡೆಂಟಿಸ್ಟ್’ ಎಷ್ಟು ಸಲ ಓಡಿತೋ ಅಷ್ಟು ಸಲ ಬಂದರು, ಅಷ್ಟು ಸಲ ನನಗೆ ಬುದ್ಧಿ ಹೇಳಿದರು.

ವ್ಯಾಯಾಮದ ಹುಡುಗಿ ಬಂದಿದ್ದಳು. "ಏನ್ ಮಾಡಿದ್ರಿ ಸರ್ ನೀವು?" ಎಂದು ಕೇಳಿದಳು. ತಿರುವಿನ ಹೊರಗಿನ ಹಳಿಯನ್ನು ಸ್ವಲ್ಪ ಎತ್ತರಿಸಿದೆ ಎಂದು ವಿವರಿಸಿದೆ. ಹುಡುಗಿ ತುಂಬ ಸಂತೋಷಪಟ್ಟಳು. ಈಗಿನವರಿಗೂ ರೈಲ್ವೆ ವಿಷಯದಲ್ಲಿ ಆಸಕ್ತಿ ಇದೆ ಎನ್ನುವುದು ಒಳ್ಳೆಯದೇ.

ಮಾರ್ಚ್ 30, ಶನಿವಾರ

ಜೆಲ್ಮೀರಾ ಫೋನ್ ಮಾಡಿದ್ದಳು. ಅವಳ ಬದಲಿಗೆ ಬರಬೇಕಾದವಳಿಗೆ ಹುಷಾರಿಲ್ಲವಂತೆ, ಈಸ್ಟರ್‌ವರೆಗೆ ಅಲ್ಲೇ ಇರಬೇಕಂತೆ. "ಬೇಜಾರಾಯ್ತಾ?" ಎಂದಳು. ನನ್ನ ಕೈಯಲ್ಲಿ ಬೆಸುಗೆ ಕಡ್ಡಿ ಕಾದಿತ್ತು. "ಸರಿ ಸರಿ, ಆಮೇಲೆ ಮಾಡು" ಎಂದು ಇಟ್ಟೆ.

ಏಪ್ರಿಲ್ 3, ಬುಧವಾರ

ನಮ್ಮ ಕ್ಲಬ್ಬಿನ ಅಧ್ಯಕ್ಷ ವೆಂಡೆಲೀನ್ ಕುಬೀಕ್ ಆಲ್ಬಟ್ರಾಸ್ ನೋಡಲು ಬಂದ. ಭೂಮಿಯ ಮೇಲೆ ತನಗೆ ಗೊತ್ತಿಲ್ಲದ ರೈಲ್ವೆಯೇ ಇಲ್ಲ ಎಂದು ನಂಬಿದವನು. ಹೋದ ವರ್ಷ ಒಬ್ಬರ ಎಂಜಿನ್ನಿನಲ್ಲಿ ದೀಪ ಒಂದು ಮಿಲಿಮೀಟರು ಪಕ್ಕಕ್ಕಿದೆ ಎಂದು ಪ್ರದರ್ಶನದಿಂದ ತೆಗೆಸಿದ್ದ. ಆಗ ನಾನೇ ಅವನ ಬೆನ್ನಿಗೆ ನಿಂತಿದ್ದೆ.

ಆಲ್ಬಟ್ರಾಸ್ ನೋಡಿ ತಲೆಯಾಡಿಸಿದ. ಅಷ್ಟರಲ್ಲಿ ನಡುಮನೆಯಿಂದ ನಮ್ಮ ಎಂಜಿನ್ನು ಫಿಲೋಮೇನಾ ಸೊಂಟ ಕುಣಿಸುತ್ತ ಬಂದು ಅವನ ಬೂಟಿನ ಹತ್ತಿರ ನಿಂತಿತು.

"ಆಲೋಯಿಸ್," ಎಂದ ಕುಬೀಕ್, "ಇದ್ಯಾವ ಶ್ರೇಣಿ?"

ನನ್ನ ಬಾಯಿ ತುಂಬ ಗಸಗಸೆ ಹಾಕಿದ ಕಡುಬಿತ್ತು. ಅತ್ತೆ ಉತ್ತರ ಕೊಟ್ಟರು.

"ಗಸಗಸೆ ಕಣಿವೆ ರೈಲ್ವೇದು. ನಿಮಗೆಲ್ಲಿ ಗೊತ್ತಿರತ್ತೆ ಬಿಡಿ, ನೀವಿನ್ನೂ ಚಿಕ್ಕೋರು."

ಕುಬೀಕ್‌ಗೆ ಎಪ್ಪತ್ತಾಗಿದೆ. ಕನ್ನಡಕ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ.

"ಗೊತ್ತಿಲ್ದೆ ಏನು," ಎಂದ. "ಯುದ್ಧಕ್ಕೆ ಮುಂಚೇನೇ ಮುಚ್ಚಿಹೋಯ್ತಲ್ಲ, ಅದೇ ತಾನೇ?"

"ಅದೇ. ನನ್ನ ತಾತ ಅದರಲ್ಲಿ ಡ್ರೈವರ್ ಆಗಿದ್ರು. ಬಡ ರೈಲ್ವೆ. ಬೇರೆಯವ್ರು ಎಸೆದ ಸಾಮಾನು ಜೋಡಿಸಿ ಎಂಜಿನ್ ಮಾಡ್ಕೋತಿದ್ರು."

"ಹೌದು ಹೌದು. ಅದರ ಫೋಟೋಗಳು ಬಹಳ ಅಪರೂಪ."

"ಒಂದೂ ಸಿಗಲ್ಲ," ಎಂದರು ಅತ್ತೆ.

ಅಂಥ ರೈಲ್ವೆ ಇರಲೇ ಇಲ್ಲ. ನಾನು ಅವರನ್ನು ತಿದ್ದಬೇಕಿತ್ತು. ಜೀವಮಾನವಿಡೀ ಎಲ್ಲರನ್ನೂ ತಿದ್ದಿದ್ದೇನೆ. ಆದರೆ ಆ ಕಡುಬು ಬಹಳ ದೊಡ್ಡದಿತ್ತು, ನುಂಗುವಷ್ಟರಲ್ಲಿ ಕುಬೀಕ್ ಸಭಾಂಗಣದ ನಡುವಿನ ಮೇಜನ್ನೇ ಗಸಗಸೆ ಕಣಿವೆ ರೈಲ್ವೆಗೆ ಕೊಟ್ಟಾಗಿತ್ತು.

ಏಪ್ರಿಲ್ 8, ಸೋಮವಾರ

ವೃದ್ಧಾಶ್ರಮದಿಂದ ಫೋನ್. ಜಾಗ ಖಾಲಿಯಾಗಿದೆ, ಕಿಟಕಿ ಪಕ್ಕದ್ದು, ನಾಳೆಯೊಳಗೆ ಹೇಳಬೇಕಂತೆ. ಒಳ್ಳೆಯ ಹೆಂಗಸು, ಒಳ್ಳೆಯ ದನಿ. ಈ ವಾರ ಆಗುವುದಿಲ್ಲ, ಬಣ್ಣ ಒಣಗಿಲ್ಲ ಎಂದೆ.

"ಯಾವ ಬಣ್ಣ ಸರ್?"

"ಹಸಿರು."

ಆಕೆ, ನಾಳೆ ಮತ್ತೆ ಮಾಡುತ್ತೇನೆ ಎಂದಳು. ನಾನು ಅತ್ತೆಗೆ ಹೇಳಲಿಲ್ಲ. ಅವರು ಚಕ್ರಕ್ಕೆ ಬಣ್ಣ ಹಚ್ಚುತ್ತಿದ್ದರು, ಕೈ ಅಲುಗಿದರೆ ಕೆಡುತ್ತದೆ.

ಏಪ್ರಿಲ್ 9, ಮಂಗಳವಾರ

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಕೋಟು ಹಾಕಿ, ಟೋಪಿ ಕಟ್ಟಿಕೊಂಡು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಕಂದು ಬಣ್ಣದ ಚೀಲ.

"ಎಲ್ಲಿಗೆ ಅತ್ತೆ?"

"ಮುರಿದಿರೋದು ನನ್ನ ಸೊಂಟ, ಕಿವಿ ಅಲ್ಲ. ನಿನ್ನೆ ನೀನು ಫೋನಲ್ಲಿ ಮಾತಾಡಿದ್ದು ಕೇಳಿಸ್ತು. ಕಿಟಕಿ ಇದೆಯಂತಲ್ಲ. ಇವತ್ತೇ ಬಿಟ್ಟುಬಾ. ಒಳ್ಳೆ ಜಾಗ ಕಾಯಿಸ್ಬಾರ್ದು."

ಅವರು ಬಾಗಿಲನ್ನು ನೋಡುತ್ತಿದ್ದರು, ನನ್ನನ್ನಲ್ಲ. ನಾನು ಚೀಲ ಎತ್ತಿದೆ. ಭಾರ ಒಂದೇ ಕಡೆಗಿತ್ತು. ಜಿಪ್ ತೆಗೆದು ನೋಡಿದರೆ ನೈಟಿಯಲ್ಲಿ ಸುತ್ತಿಟ್ಟ ಫಿಲೋಮೇನಾ, ಮೂಗು ಮಾತ್ರ ಹೊರಗೆ.

"ಇದನ್ನ ತಗೊಂಡು ಹೋಗೋ ಹಾಗಿಲ್ಲ," ಎಂದೆ. "ಶನಿವಾರ ಪ್ರದರ್ಶನ ಇದೆ."

"ಭಾನುವಾರ ಹೋಗ್ತೀನಿ ಹಾಗಾದ್ರೆ."

"ಭಾನುವಾರ ಮೋಟಾರಿಗೆ ಎಣ್ಣೆ ಬಿಡ್ಬೇಕು. ಆಮೇಲೆ ‘ಸಮ್ಮಿಶ್ರ ಸರ್ಕಾರ’ಕ್ಕೆ ಎರಡು ಬೋಗಿ ಆಗ್ಬೇಕು ಅಂದೋರು ಯಾರು? ನಾನಾ?"

"ನಾನೇ."

"ಮತ್ತೆ? ಅರ್ಧಕ್ಕೆ ಬಿಟ್ಟು ಎದ್ದು ಹೋಗೋದಾ? ನಮ್ಮ ರೈಲ್ವೇಲಿ ಹಾಗೆ ಯಾರೂ ಮಾಡಲ್ಲ."

ಅತ್ತೆ ಟೋಪಿಯ ಗಂಟು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡರು. ಗಂಟು ಬಿಗಿಯಾಗಿತ್ತೇನೋ. ಆಮೇಲೆ, "ಕಾಫಿ ಇಡು. ನಿನ್ನೆ ಇಟ್ಟಿದ್ದು ಪಾತ್ರೆ ತೊಳೆದ ನೀರಿನ ಹಾಗಿತ್ತು" ಎಂದರು.

ಹನ್ನೊಂದು ಗಂಟೆಗೆ ಫೋನ್ ಬಂತು. ಆ ಜಾಗವನ್ನು ಬೇರೆ ಯಾರಿಗಾದರೂ ಕೊಡಿ, ಪಟ್ಟಿಯಿಂದಲೂ ಹೆಸರು ತೆಗೆಯಿರಿ ಎಂದೆ. ಜೆಲ್ಮೀರಾಗೂ ಫೋನ್ ಮಾಡಿ ಹೇಳಿದೆ. ಲೈನು ಸರಿಯಿರಲಿಲ್ಲ ಎಂದು ಕಾಣುತ್ತದೆ, ಮೂಗು ಎಳೆದ ಹಾಗೆ ಸದ್ದು ಬರುತ್ತಿತ್ತು.

ಏಪ್ರಿಲ್ 13, ಶನಿವಾರ

ಪ್ರದರ್ಶನ. ಅತ್ತೆ ನೀಲಿ ಉಡುಪು ಹಾಕಿ ನಡುವಿನ ಮೇಜಿನ ಹಿಂದೆ ರಾಣಿಯಂತೆ ಕೂತರು. ಮೇಜಿನ ಸುತ್ತ ಜನವೋ ಜನ. ಯಾರೋ ಒಬ್ಬರು ತಮ್ಮ ಅಜ್ಜಿ ಗಸಗಸೆ ಕಣಿವೆ ರೈಲಿನಲ್ಲೇ ಹುಟ್ಟಿದ್ದು ಎಂದರು. ಇನ್ನೊಬ್ಬರು ಸುರಂಗ ಈಗಲೂ ಇದೆ, ಅಣಬೆ ಬೆಳೆಯುತ್ತಾರೆ ಎಂದರು. ಕುಬೀಕ್ ಕೈಕಟ್ಟಿ ನಿಂತು ಆ ರೈಲ್ವೆಯ ಏಳುಬೀಳುಗಳ ಬಗ್ಗೆ ಭಾಷಣ ಮಾಡಿದ. ಅವನು ಹೇಳಿದ್ದರಲ್ಲಿ ಕೆಲವು ನನಗೂ ಹೊಸದಾಗಿದ್ದವು.

ಆಗ ಬಾಗಿಲಲ್ಲಿ ಆ ಮೂಗು ಕಂಡಿತು. ಕೋಲೂರಿಕೊಂಡು, ಸೊಂಟ ತಿರುಗಿಸುತ್ತ, ನಿಜವಾದ ಫಿಲೋಮೇನಾ ನೇರ ನಮ್ಮ ಮೇಜಿಗೆ ಬಂದರು. ಎಂಜಿನ್ನಿನ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ‘ಫಿಲೋಮೇನಾ’ ಎಂದು ಬರೆದಿತ್ತು. ನಾನೇ ಬರೆದಿದ್ದು. ಅವರು ಓದಿದರು. ಎಂಜಿನ್ನು ಅವರ ಎದುರಿಗೆ ಒಂದು ಸುತ್ತು ನಡೆದು ತೋರಿಸಿತು. ಅತ್ತೆಯ ಮುಖ ಬಿಳುಚಿತು. ನಾನು ಆಲ್ಬಟ್ರಾಸ್ ಹಿಂದೆ ಅಡಗಲು ನೋಡಿದೆ, ಅದು ಅಂಗೈಯುದ್ದ.

ಕುಬೀಕ್ ಓಡಿಬಂದ. "ಅಮ್ಮಾ, ನಿಮಗೇನಾದ್ರೂ ಗಸಗಸೆ ಕಣಿವೆ ರೈಲ್ವೆ ನೆನಪಿದೆಯಾ?"

ಸಭಾಂಗಣದಲ್ಲಿ ಎಲ್ಲರೂ ತಿರುಗಿದರು. ಒಂದು ಮಾತು ಸಾಕಿತ್ತು, ನನ್ನ ಮರ್ಯಾದೆ, ಅತ್ತೆಯ ಮರ್ಯಾದೆ, ಕುಬೀಕನ ಭಾಷಣ ಎಲ್ಲ ಚರಂಡಿಗೆ. ಫಿಲೋಮೇನಾ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು.

"ನೆನಪಿಲ್ದೆ ಏನು," ಎಂದರು. "ಇಸ್ಕೂಲಿಗೆ ಅದರಲ್ಲೇ ಹೋಗ್ತಿದ್ದೆ. ಯಾವಾಗ್ಲೂ ತಡ."

ಕುಬೀಕ್ ಅದನ್ನು ಬರೆದುಕೊಳ್ಳಲು ಪೆನ್ನು ಹುಡುಕುತ್ತ ಹೋದ. ಫಿಲೋಮೇನಾ ಬಗ್ಗಿ ಅತ್ತೆಗೆ ಮಾತ್ರ ಕೇಳುವಂತೆ ಹೇಳಿದರು, ನಾನು ಪಕ್ಕದಲ್ಲಿದ್ದುದರಿಂದ ನನಗೂ ಕೇಳಿಸಿತು.

"ಮೂಗು ಸರಿಯಾಗಿದೆ ಹೆರ್ಮೀನಾ. ಹಿಂಭಾಗ ಮಾತ್ರ ತೀರಾ ಚಿಕ್ಕದಾಯ್ತು. ನನ್ನದನ್ನ ನೀನು ಸರಿಯಾಗಿ ನೋಡೇ ಇಲ್ಲ."

"ನೀನು ಮುಖ ತಿರುಗಿಸ್ಕೊಂಡು ಹೋದಾಗೆಲ್ಲ ಅದನ್ನೇ ತಾನೆ ನೋಡ್ತಿದ್ದಿದ್ದು," ಎಂದರು ಅತ್ತೆ.

ಇಬ್ಬರೂ ಅಕ್ಕಪಕ್ಕ ಕೂತು ಸಂಜೆಯವರೆಗೆ ಬಂದವರನ್ನೆಲ್ಲ ಆಡಿಕೊಂಡರು. ಗಸಗಸೆ ಯಂತ್ರ ಎಂದೋ ತುಕ್ಕು ಹಿಡಿದು ಹೋಯಿತಂತೆ.

ಏಪ್ರಿಲ್ 14, ಭಾನುವಾರ

ಆಲ್ಬಟ್ರಾಸ್‌ಗೆ ಎರಡನೇ ಬಹುಮಾನ ಬಂತು. ನಿನ್ನೆ ಬರೆಯಲು ಮರೆತೆ.

ಏಪ್ರಿಲ್ 18, ಗುರುವಾರ

ಫಿಲೋಮೇನಾ ಬಂದಿದ್ದರು. ಇಬ್ಬರೂ ಮೊಟ್ಟೆಗೆ ಬಣ್ಣ ಹಾಕುತ್ತ ಕೂತಿದ್ದಾಗ ಈಸ್ಟರ್ ಸೋಮವಾರದ ಮಾತು ಬಂತು. ಆ ದಿನ ಗಂಡಸರು ಮನೆಮನೆಗೆ ಹೋಗಿ ಹೆಂಗಸರ ಮೇಲೆ ತಣ್ಣೀರು ಹೊಯ್ಯುತ್ತಾರೆ, ಹೊಯ್ಯಿಸಿಕೊಂಡವರು ವರ್ಷವಿಡೀ ಗಟ್ಟಿಯಾಗಿರುತ್ತಾರೆ, ಹೊಯ್ದವರಿಗೆ ಬಣ್ಣದ ಮೊಟ್ಟೆ.

"ನಮ್ಮ ಯಜಮಾನ್ರು ಹೋದ ಮೇಲೆ ನನ್ನ ಮೇಲೆ ಒಬ್ಬನೂ ಒಂದು ಹನಿ ಹುಯ್ದಿಲ್ಲ," ಎಂದರು ಅತ್ತೆ. "ಮುದುಕೀರು ಕರಗಿ ಹೋಗ್ತಾರೆ ಅಂತ ಹೆದರ್ತಾರೆ."

ಹಳೆಯ ಬಟ್ಟೆ ಒಗೆಯುವ ಯಂತ್ರದ ಪಂಪು ಅಟ್ಟದಲ್ಲಿದೆ ಎಂದು ನೆನಪಾಯಿತು. ಎಂಜಿನ್ನಿಗೆ ದೊಡ್ಡದಾದೀತು. ಕಾರಿನ ಗಾಜು ತೊಳೆಯುವ ಪಂಪು ಸರಿಹೋಗಬಹುದು.

ಏಪ್ರಿಲ್ 20, ಶನಿವಾರ

ಒಂದು ವಿಚಿತ್ರ ನಡೆಯಿತು. ಮಧ್ಯಾಹ್ನ ನಾನು ಅತ್ತೆಗೆ ತೋರಿಸದೆ ಕೋಣೆಯ ಬಾಗಿಲು ಹಾಕಿಕೊಂಡು ಪಂಪು ಜೋಡಿಸುತ್ತಿದ್ದೆ. ಅವರು ಹೊರಗಿನಿಂದ ಬಾಗಿಲು ಬಡಿದು, ಒಳಗೆ ಏನು ಕಳ್ಳತನ ಎಂದು ಬೈಯುತ್ತಿದ್ದರು. ನಾನು ಒಳಗಿನಿಂದ ಬೈಯುತ್ತಿದ್ದೆ. ಆಗ ಜೆಲ್ಮೀರಾಳ ದನಿ ಕೇಳಿಸಿತು. ಬಾಗಿಲು ತೆರೆದರೆ ಸೂಟ್‌ಕೇಸ್ ಹಿಡಿದು ನಿಂತಿದ್ದಾಳೆ.

"ಸ್ಟೇಷನ್ನಲ್ಲಿ ಒಂದು ಗಂಟೆ ಕಾದೆ," ಎಂದಳು. "ನಾನು ಇವತ್ತು ಬರ್ತೀನಿ ಅಂತ ಮರ್ತೇಬಿಟ್ರಾ?"

ಜೀವಮಾನವೆಲ್ಲ ಯಾವ ರೈಲು ಯಾವಾಗ ಬರುತ್ತದೆಂದು ನೆನಪಿಟ್ಟವನು ನಾನು. ಮರೆಯುವ ಮಾತೇ ಇಲ್ಲ. ವೇಳಾಪಟ್ಟಿ ಬದಲಾಗಿರಬೇಕು.

ಏಪ್ರಿಲ್ 22, ಈಸ್ಟರ್ ಸೋಮವಾರ

ಎಂಜಿನ್ನಿನ ಮೈ ಕೆಂಪು ಸಾಸಿವೆ ಡಬ್ಬಿ, ಮುಂದೆ ಸೆಂಟಿನ ಬಾಟಲಿಯ ಬಾಯಿ, ಹಿಂದೆ ನೀರಿನ ಬೋಗಿ. ಅತ್ತೆ ಏನೂ ಗೊತ್ತಿಲ್ಲದವರಂತೆ ಕೋಣೆಯ ಕುರ್ಚಿಯಲ್ಲಿ ಕೂತಿದ್ದರು. ಆದರೆ ಒಳ್ಳೆಯ ಕುಪ್ಪಸ ತೆಗೆದಿಟ್ಟು ಹಳೆಯದು ಹಾಕಿಕೊಂಡಿದ್ದರು, ತೊಡೆಯ ಮೇಲೆ ಮೊಟ್ಟೆಯ ಬುಟ್ಟಿ ಇತ್ತು.

ಎಂಜಿನ್ನು ನಡುಮನೆ ದಾಟಿ, ತಿರುವು ಹಾದು, ಅವರ ಕಾಲ ಬಳಿ ನಿಂತಿತು. ಗುಂಡಿ ಒತ್ತಿದೆ. ಪಂಪು ನಾನು ಅಂದುಕೊಂಡದ್ದಕ್ಕಿಂತ ಬಹಳ ಜೋರಿತ್ತು. ಮೊದಲು ಅತ್ತೆ, ಆಮೇಲೆ ಅವರ ಹಿಂದಿನ ಗೋಡೆ, ಆಮೇಲೆ ಎಂಜಿನ್ನು ತಾನಾಗಿ ಹಿಂದಕ್ಕೆ ಹೊರಟು ಜೆಲ್ಮೀರಾ, ನಾನು, ಟೆಲಿವಿಷನ್.

ಅತ್ತೆಯ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖ ಒರೆಸಿಕೊಳ್ಳಲಿಲ್ಲ.

"ಇಷ್ಟೇನಾ?" ಎಂದರು.

ನೀರು ತುಂಬಿ ಮತ್ತೆ ಕಳಿಸಿದೆ. ಮೂರು ಸಲ. ಕೊನೆಗೆ ಅತ್ತೆ ಖಾಲಿ ಬೋಗಿಯಲ್ಲಿ ಮೊಟ್ಟೆ ಇಟ್ಟು ಕಳಿಸಿದರು. ಕೆಂಪು ಮೊಟ್ಟೆ, ಮೇಲೆ ಬಿಳಿಯ ಪುಟ್ಟ ಎಂಜಿನ್ನಿನ ಚಿತ್ರ. ಚಕ್ರಗಳ ಸಂಖ್ಯೆ ತಪ್ಪಾಗಿದೆ. ತಿನ್ನದೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಆಲ್ಬಟ್ರಾಸನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕಾಯಿತು.

ಏಪ್ರಿಲ್ 23, ಮಂಗಳವಾರ

ಸೋಮವಾರ ಗಂಡಸರು ಹೊಯ್ದರೆ ಮಂಗಳವಾರ ಹೆಂಗಸರ ಸರದಿ. ಈಗ ಯಾರೂ ನೆನಪಿಟ್ಟುಕೊಂಡಿಲ್ಲದ ಪದ್ಧತಿ. ಅತ್ತೆ ನೆನಪಿಟ್ಟುಕೊಂಡಿದ್ದರು. ಬೆಳಿಗ್ಗೆ ನಾನು ಇನ್ನೂ ಮಲಗಿರುವಾಗ ಅಡುಗೆಮನೆಯಿಂದ ದೊಡ್ಡ ಪಿಂಗಾಣಿ ಜಗ್ಗನ್ನು, ಕಂಠದವರೆಗೆ ತುಂಬಿದ್ದನ್ನು, ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು, ನಡುಮನೆ ದಾಟಿ, ಹಳಿ ದಾಟಿ ನಮ್ಮ ಕೋಣೆಗೆ ಬಂದು ಪೂರ್ತಿ ನನ್ನ ತಲೆಯ ಮೇಲೆ ಸುರಿದರು. ದಾರಿಯಲ್ಲಿ ಒಂದು ಹನಿಯೂ ಚೆಲ್ಲಿರಲಿಲ್ಲ, ಎಲ್ಲ ನನಗೇ.

ಹಾಸಿಗೆ ಒಣಗಲು ಎರಡು ದಿನ ಬೇಕು. ಜೆಲ್ಮೀರಾ ತನ್ನ ತಾಯಿಯ ಖಾಲಿ ಜಗ್ಗನ್ನೂ, ಬರಿಗಾಲನ್ನೂ, ಬಾಗಿಲಾಚೆ ಅಡುಗೆಮನೆಯಲ್ಲೇ ಉಳಿದಿದ್ದ ವಾಕರನ್ನೂ ನೋಡುತ್ತ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು. ಒದ್ದೆಯಾದವನು ನಾನು, ಇವಳೇಕೆ ಅಳುತ್ತಾಳೋ ತಿಳಿಯಲಿಲ್ಲ.